ಸೌಟು ಯಾರ ಕೈಯಾಗ?

1

ಡೋಣಿ ಬೆಳೆದರ ಓಣಿಗೆಲ್ಲ ಜೋಳ ಅಂತ ನಮ್ಮ ವಿಜಯಪುರ ಸೀಮೆಯಲ್ಲಿ ಒಂದು ಗಾದೆ ಐತಿ. ಡೋಣಿ ಹೊಳಿ ದಂಡೆಯ ಎರೆ ಹೊಲ ಒಂದು ವರ್ಷ ಕೈ ಹಿಡಿದರೆ ಸಾಕು, ಊರಿನ ಎಲ್ಲ ಓಣಿಗಳೂ ಉಣ್ಣುತ್ತವೆ ಎಂದು ಅದರ ಅರ್ಥ. ಕೇಳಲಿಕ್ಕೆ ಚೆಂದ. ಆದರೆ ಡೋಣಿ ಬೆಳೆಯದ ವರ್ಷ ಯಾವ ಓಣಿಯ ಒಲೆ ಮೊದಲು ಆರುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಹೇಳಲಿಕ್ಕೆ ಗಾದೆ ಯಾಕ ಬೇಕು? ಹೊಲ ಇಲ್ಲದವರ ಒಲೆ ಮೊದಲು ಆರುತ್ತದೆ. ಹೊಲ ಇಲ್ಲದವರು ಯಾರು ಎಂಬುದು ಊರಿಗೆಲ್ಲ ಗೊತ್ತು.

ಅಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ತಿಕೋಟಾದ ದ್ರಾಕ್ಷಿ ತೋಟದಾಗ ಕೂಲಿ ಮಾಡುವ ಹೆಣ್ಣುಮಗಳ ಮನೆ ಅನ್ರಿ. ಬಬಲೇಶ್ವರದ ಕೇರಿಯ ಮನೆ ಅನ್ರಿ. ವಿಜಯಪುರ ಶಹರದ ಒಂದು ಬಾಡಿಗೆ ಕೋಣೆ ಅನ್ರಿ. ಗೋವಾಕ್ಕೆ ದುಡಿಲಾಕ ಹೋದ ಗಂಡ ಜಡ್ಡಾಗಿ ಬಂದಾನ. ಮಗಳು ಸಾಲಿ ಬಿಟ್ಟಾಳ. ಕಿರಾಣಿ ಅಂಗಡಿಯಾಂವ ಉದ್ರಿ ನಿಲ್ಲಿಸ್ಯಾನ. ಸಾಲ ಕೇಳಿದರೆ ತೋಟದ ಮಾಲಕ ಮುಂದಿನ ಹಂಗಾಮಿನ ಕೂಲಿಯನ್ನು ಈಗಲೇ ಅಡವಿಟ್ಟುಕೊಳ್ಳುತ್ತಾನೆ. ಆಗ ಓಣಿಯ ನಾಕು ಮಂದಿ ಬರ್ತಾರ. ಅವರೂ ಕೂಲಿಯವರೇ. ರವಿವಾರ ಒಂದು ಮನೆಯಾಗ ಕೂಡಿ ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡುವವರು. ಅರ್ಧ ಚೀಲ ಜೋಳ ಇಳಿಸುತ್ತಾರೆ. ಜಡ್ಡಿನವನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡುತ್ತಾರೆ, ದವಾಖಾನಿಗೂ ಕರಕೊಂಡು ಹೋಗುತ್ತಾರೆ. ಆರು ತಿಂಗಳಾದ ಮೇಲೆ ಆ ಹೆಣ್ಣುಮಗಳು ತಾನೂ ರವಿವಾರ ಅಲ್ಲಿ ಹೋಗಿ ಕೂಡುತ್ತಾಳೆ.

ಒಲೆ ಆರಿದ್ದಾಗ ಸುಮ್ಮನಿದ್ದ ಊರು ಈಗ ಬಾಯಿ ತೆರೆಯುತ್ತದೆ. "ಜೋಳಕ್ಕ ಧರ್ಮ ಮಾರಿಕೊಂಡಳು ನೋಡು!"

ಊರಿನವರಷ್ಟೇ ಅಲ್ಲ. ನಮ್ಮ ಚಳವಳಿಯ ಗೆಳೆಯರಲ್ಲೂ ಕೆಲವರು ನಗುತ್ತಾರೆ. "ದೇವರು ಬದಲಾದರ ಹೊಟ್ಟಿ ತುಂಬತೈತೇನು? ಒಂದು ಗುಡಿ ಬಿಟ್ಟು ಇನ್ನೊಂದು ಗುಡಿಗೆ ಹೋದಳು, ಅಷ್ಟ" ಎನ್ನುತ್ತಾರೆ. ಜಾತಿವಾದಿಯ ಬೈಗುಳಕ್ಕೂ ಈ ಗೆಳೆಯರ ನಗೆಗೂ ಒಂದು ಸಂಬಂಧ ಇದೆ. ಇಬ್ಬರೂ ಆ ಹೆಣ್ಣುಮಗಳಿಗೆ ಒಂದು ಹೊಟ್ಟೆ ಇದೆ ಎಂದು ಒಪ್ಪುತ್ತಾರೆ. ಒಂದು ಮನಸ್ಸು ಇದೆ ಎಂದು ಒಪ್ಪುವುದಿಲ್ಲ.

ಆದ್ದರಿಂದ ಪ್ರಶ್ನೆಯನ್ನು ನೇರವಾಗಿಯೇ ಕೇಳೋಣ. ಹಸಿವಿನಲ್ಲಿ ಹುಟ್ಟಿದ ನಂಬಿಕೆ ನಂಬಿಕೆಯೇ? ಕಷ್ಟಕಾಲದಲ್ಲಿ ಕೊಟ್ಟ ಅನ್ನ ಸಹಾಯವೋ, ಗಾಳವೋ?

2

ಹಸಿದವರಿಗೆ ಮನಸ್ಸು ಇರುವುದಿಲ್ಲ ಎನ್ನುವವರು ಈ ನೆಲದ ಚರಿತ್ರೆಯನ್ನು ಓದಬೇಕು.

1876ರಿಂದ 1878ರವರೆಗೆ ದೊಡ್ಡ ಬರ ಬಿತ್ತು. ಈಗಿನ ವಿಜಯಪುರ ಜಿಲ್ಲೆ ಆಗ ಕಲಾದಗಿ ಜಿಲ್ಲೆಯಾಗಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಬಂತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಇಲ್ಲವಾದರು. ಕೆಲವರು ಸತ್ತರು, ಕೆಲವರು ಗುಳೆ ಹೋದರು. ಸತ್ತವರಲ್ಲಿ ದೇಸಾಯಿ, ದೇಶಪಾಂಡೆ ಎಷ್ಟು ಮಂದಿ, ಕೇರಿಯವರು ಎಷ್ಟು ಮಂದಿ ಎಂದು ಯಾರೂ ಕೇಳಬೇಕಾಗಿಲ್ಲ.

ಬ್ರಿಟಿಷ್ ಸರಕಾರ ಪರಿಹಾರ ಕಾಮಗಾರಿ ತೆಗೆಯಿತು. ಆದರೆ ಖರ್ಚು ಹೆಚ್ಚಾಯಿತೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿ ಇಳಿಸಿದ. ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡ್ ಕಾಳು, ಮೇಲೆ ಒಂದಿಷ್ಟು ಚಿಲ್ಲರೆ. ಇವತ್ತಿನ ಲೆಕ್ಕದಲ್ಲಿ ಅರ್ಧ ಕಿಲೋ ಕಾಳೂ ಅಲ್ಲ. ಆಗ ಮುಂಬಯಿ ಪ್ರಾಂತ್ಯದ ಸಾವಿರಾರು ಕೂಲಿಗಳು ಏನು ಮಾಡಿದರು? ಈ ಕಾಳಿಗೆ ನಾವು ದುಡಿಯೂದಿಲ್ಲ ಎಂದು ಕಾಮಗಾರಿ ಬಿಟ್ಟು ನಡೆದುಬಿಟ್ಟರು. ಹೊಟ್ಟೆ ಬೆನ್ನಿಗೆ ಹತ್ತಿದ ಜನ ಮುಷ್ಕರ ಮಾಡಿದರು. ಸಾಯುವ ಹಸಿವಿನಲ್ಲೂ ಮನುಷ್ಯ ಬೇಡ ಎನ್ನಬಲ್ಲ. ಬೇಡ ಎನ್ನಬಲ್ಲವನು ಬೇಕು ಎಂದಾಗ ಆ ಮಾತಿಗೂ ಬೆಲೆ ಇರಬೇಕು.

ಇನ್ನೊಂದು ಲೆಕ್ಕವನ್ನೂ ನೋಡಿರಿ. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಗುಳೇದಗುಡ್ಡಕ್ಕೆ 1851ರಲ್ಲಿ ಬಂತು. ಬಿಜಾಪುರ ಶಹರಕ್ಕೆ 1880ರ ದಶಕದಲ್ಲಿ ಬಂತು. ಆಮೇಲೆ ಈ ಜಿಲ್ಲೆ ಎಷ್ಟು ಬರ ಕಂಡಿತು! ಪ್ಲೇಗು ಕಂಡಿತು. 1972ರ ಬರ ಕಂಡಿತು. 2020ರ ಲಾಕ್‌ಡೌನ್ ಕಂಡಿತು. ಜೋಳ ಕೊಟ್ಟು ಧರ್ಮ ಕೊಳ್ಳಲು ಬರುವಂತಿದ್ದರೆ ಇಷ್ಟು ಹೊತ್ತಿಗೆ ಇಲ್ಲಿನ ಕೇರಿಗಳೆಲ್ಲ ಕ್ರೈಸ್ತ ಕೇರಿಗಳಾಗಬೇಕಿತ್ತು. 2011ರ ಜನಗಣತಿಯಂತೆ ಈ ಜಿಲ್ಲೆಯ ಐವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಅನ್ನ ಉಂಡವರಲ್ಲಿ ಬಹಳಷ್ಟು ಮಂದಿ ಕೈ ತೊಳಕೊಂಡು ತಮ್ಮ ಯಲ್ಲಮ್ಮನ ಹತ್ತಿರ, ತಮ್ಮ ದುರ್ಗವ್ವನ ಹತ್ತಿರ ಹೋದರು. ಕೆಲವರು ಮಾತ್ರ ಉಳಿದರು. ಅನ್ನ ಇಬ್ಬರಿಗೂ ಒಂದೇ ಆಗಿತ್ತು. ಹಾಗಾದರೆ ಉಳಿದವರನ್ನು ಉಳಿಸಿದ್ದು ಅನ್ನ ಒಂದೇ ಆಗಿರಲಿಕ್ಕೆ ಸಾಧ್ಯವಿಲ್ಲ.

3

ಏನು ಉಳಿಸಿತು? ಇದನ್ನು ತಿಳಿಯಬೇಕಾದರೆ ಮತಾಂತರದಿಂದ ಏನು ಸಿಕ್ಕಿತು ಎಂಬುದರ ಜತೆಗೆ ಏನು ಹೋಯಿತು ಎಂಬುದನ್ನೂ ಕೇಳಬೇಕು.

ಊರ ಚಾಕರಿ ಮಾಡುವ ಮನೆಗೆ ಸುಗ್ಗಿಯಲ್ಲಿ ಆಯದ ಕಾಳು ಬರುತ್ತಿತ್ತು. ಸತ್ತ ದನ ಎಳೆಯಬೇಕು, ಹಲಗೆ ಬಾರಿಸಬೇಕು, ಹೆಣದ ಸುದ್ದಿ ಹೊತ್ತುಕೊಂಡು ಓಡಬೇಕು. ಆಗ ಕಣದ ಮೂಲೆಯಲ್ಲಿ ನಿಂತವನ ಸೆರಗಿಗೆ ಎರಡು ಮೊರ ಕಾಳು ಬೀಳುತ್ತಿತ್ತು. ನಾನು ಇನ್ನು ಈ ಚಾಕರಿ ಮಾಡೂದಿಲ್ಲ ಎಂದ ದಿನ ಆಯ ನಿಲ್ಲುತ್ತಿತ್ತು. ಬೀಗರು ದೂರವಾಗುತ್ತಿದ್ದರು. ಹೆಣ ಹೂಳುವ ಜಾಗಕ್ಕೂ ತಕರಾರು ಬರುತ್ತಿತ್ತು. ಮತಾಂತರ ಲಾಭದ ಯಾಪಾರ ಎನ್ನುವವರು ಈ ಲುಕ್ಸಾನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಲುಕ್ಸಾನು ಕಾನೂನಿನ ರೂಪ ತಾಳಿತು. 1950ರ ರಾಷ್ಟ್ರಪತಿಗಳ ಆಜ್ಞೆ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ದಲಿತ ಕ್ರೈಸ್ತರಿಗೂ ದಲಿತ ಮುಸ್ಲಿಮರಿಗೂ ಬಾಗಿಲು ಹಾಕಿಯೇ ಇಟ್ಟಿತು. ಮದರಾಸಿನಲ್ಲಿ ರಸ್ತೆ ಬದಿಗೆ ಕೂತು ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರ ಮೊಕದ್ದಮೆ ಇದಕ್ಕೆ ಸಾಕ್ಷಿ. ಸರಕಾರ ರಸ್ತೆ ಬದಿಯ ಚಮ್ಮಾರರಿಗೆ ಪುಕ್ಕಟೆಯಾಗಿ ಸಣ್ಣ ಪೆಟ್ಟಿಗೆ ಅಂಗಡಿ ಕೊಟ್ಟಿತು. ಸೂಸೈ ಅವರಿಗೆ ಕೊಡಲಿಲ್ಲ, ಯಾಕೆಂದರೆ ಅವರು ಕ್ರೈಸ್ತರು. ಅದೇ ರಸ್ತೆ, ಅದೇ ಅರಿ, ಅದೇ ಚರ್ಮ. 1985ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ವಜಾ ಮಾಡಿತು. ಮತಾಂತರದ ನಂತರವೂ ಹಿಂದಿನಷ್ಟೇ ತೀವ್ರವಾದ ಜಾತಿಯ ಕಷ್ಟ ಉಳಿದಿದೆ ಎಂಬುದಕ್ಕೆ ಆಧಾರ ಸಾಲದು ಎಂದಿತು. ಊರು ಮಾತ್ರ ಅಂಥ ಆಧಾರ ಕೇಳುವುದಿಲ್ಲ. ಹೆಸರು ಯೋಹಾನ ಆದರೂ ಓಣಿ ಅದೇ ಓಣಿ ಎಂದು ಅದಕ್ಕೆ ಗೊತ್ತಿರುತ್ತದೆ.

ಇಷ್ಟು ಕಳಕೊಂಡು ಉಳಿದವರಿಗೆ ಸಿಕ್ಕಿದ್ದೇನು? ಕೆಲವರಿಗೆ ಸಾಲಿ, ಕೆಲವರಿಗೆ ದವಾಖಾನೆ. ಆದರೆ ಇವೆರಡಕ್ಕಿಂತ ದೊಡ್ಡದು ಇನ್ನೊಂದಿತ್ತು. ಕರ್ತನ ಭೋಜನದ ದಿನ ಒಂದೇ ರೊಟ್ಟಿಯನ್ನು ಮುರಿದು ಎಲ್ಲರೂ ತಿನ್ನುವುದು, ಒಂದೇ ಬಟ್ಟಲಿಗೆ ಎಲ್ಲರೂ ತುಟಿ ಹಚ್ಚುವುದು. ಚಹದ ಅಂಗಡಿಯಲ್ಲಿ ಬೇರೆ ಕಪ್ಪು-ಬಸಿ ಇಟ್ಟ ದೇಶದಲ್ಲಿ ಇದು ಸಣ್ಣ ಮಾತಲ್ಲ. ಸಹಾಯ ಎಂದರೆ ಜೋಳದ ಚೀಲ ಮಾತ್ರ ಎಂದು ತಿಳಿದವರಿಗೆ ಈ ಬಟ್ಟಲು ಕಾಣಿಸುವುದಿಲ್ಲ. ಜಡ್ಡಾದವನ ಹಾಸಿಗೆಯ ಮಗ್ಗುಲಿಗೆ ಕೂತು ಅವನ ತಲೆ ಮುಟ್ಟುವ ಕೈ, ಅದೂ ಮುಟ್ಟಬಾರದು ಎಂದು ಸಾವಿರ ವರ್ಷ ಕೇಳಿಸಿಕೊಂಡ ತಲೆಯನ್ನು ಮುಟ್ಟುವ ಕೈ, ಅದು ಔಷಧ ಹೌದೋ ಅಲ್ಲೋ ವೈದ್ಯರು ಹೇಳಲಿ. ಆದರೆ ಅದು ಸುಳ್ಳಲ್ಲ.

4

ಇಷ್ಟು ಹೇಳಿದ ಮೇಲೆ ಮಿಷನ್ನುಗಳನ್ನು ತೊಟ್ಟಿಲಲ್ಲಿ ಇಟ್ಟು ತೂಗುವುದು ನನ್ನ ಉದ್ದೇಶವಲ್ಲ. ಕೊಡುವ ಕೈಗೂ ನಾವು ಪ್ರಶ್ನೆ ಕೇಳಬೇಕು.

1876ರ ಬರ ಕಳೆದಾಗ ಅನಾಥ ಮಕ್ಕಳು ಮಿಷನ್ನಿನ ಆಶ್ರಯಕ್ಕೆ ಬಂದರು. ಮಕ್ಕಳು ಉಳಿದರು, ಅದು ದೊಡ್ಡದು. ಆದರೆ ಯಾವ ಧರ್ಮ ಬೇಕು ಎಂದು ಆ ಮಕ್ಕಳನ್ನು ಯಾರು ಕೇಳಿದರು? ಮತಾಂತರವಾಗಿ ಕಸುಬು ಕಳಕೊಂಡವರಿಗೆಂದು ಇದೇ ಬಾಸೆಲ್ ಮಿಷನ್ ನೇಯ್ಗೆಯ ಶಾಲೆ ತೆಗೆಯಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆಯಿತು. ಅನ್ನ ಸಿಕ್ಕಿತು. ಆದರೆ ಪಗಾರ ಕೊಡುವ ಧಣಿ, ಮನೆ ಕೊಡುವ ಮಾಲಕ, ಪಾಪ-ಪುಣ್ಯ ಹೇಳುವ ಗುರು ಮೂವರೂ ಒಬ್ಬರೇ ಆದರೆ ಆಳು ಹೇಗೆ ಎದುರು ಮಾತಾಡಬೇಕು? ಸಭೆಯ ಜತೆ ಜಗಳ ಆಡಿದರೆ ರೊಟ್ಟಿಯ ಜತೆಗೂ ಜಗಳ. ಊರ ಗೌಡನ ಅಂಕೆಯಿಂದ ಬಿಡಿಸಿಕೊಂಡವನು ಇನ್ನೊಂದು ಅಂಕೆಗೆ ಬಿದ್ದ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟಿತು, ಕಾರ್ಖಾನೆಗಳನ್ನು ವಶ ಮಾಡಿಕೊಂಡಿತು. ಕೊಡುವ ಕೈ ಒಂದೇ ದಿನ ಮಾಯವಾದರೆ ತಗೊಳ್ಳುವ ಕೈಗಳ ಗತಿ ಏನು ಎಂಬುದು ಆಗ ಗೊತ್ತಾಯಿತು.

ಬಾಬಾಸಾಹೇಬರು ಕ್ರೈಸ್ತ ಮಿಷನ್ನುಗಳ ಬಗ್ಗೆ ಬರೆದದ್ದನ್ನು ನಮ್ಮ ಹುಡುಗರು ಓದಬೇಕು. ಮಿಷನರಿಗಳು ಸಾಲಿ, ಆಸ್ಪತ್ರೆ ಕಟ್ಟಿದ್ದನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ಆ ಸಾಲಿಗಳ ಲಾಭ ಹೆಚ್ಚಾಗಿ ಮೇಲ್ಜಾತಿಯವರಿಗೆ ಹೋಯಿತು, ಮತಾಂತರವಾದ ಅಸ್ಪೃಶ್ಯನ ನಾಗರಿಕ ಹಕ್ಕಿಗಾಗಿ ಮಿಷನ್ ಹೋರಾಡಲಿಲ್ಲ ಎಂದು ಕಟುವಾಗಿ ಕೇಳುತ್ತಾರೆ. ಸಭೆಯ ಒಳಗೂ ಜಾತಿ ನುಗ್ಗಿದ್ದಕ್ಕೆ ತಿರುಚ್ಚಿಯ ಸ್ಮಶಾನದಲ್ಲಿ ಕ್ರೈಸ್ತರ ಹೆಣಗಳ ನಡುವೆಯೇ ಕಟ್ಟಿದ ಗೋಡೆ ಸಾಕ್ಷಿ.

ಆದರೆ ಅದೇ ಬಾಬಾಸಾಹೇಬರು ಇನ್ನೊಂದು ಕಡೆ, ಲೌಕಿಕ ಲಾಭಕ್ಕಾಗಿ ಧರ್ಮ ಬಿಡುವುದು ನಿಜವಾದ ಮತಾಂತರವಲ್ಲ ಎಂದವರಿಗೂ ಉತ್ತರ ಕೊಟ್ಟಿದ್ದಾರೆ. ಲೋಕದ ಧರ್ಮಗಳ ಚರಿತ್ರೆ ತೆಗೆದು ನೋಡಿರಿ, ರಾಜನ ಆಜ್ಞೆಯಿಂದ, ಬಲಾತ್ಕಾರದಿಂದ, ಲಾಭದಿಂದ ನಾಡಿಗೆ ನಾಡೇ ಮತಾಂತರವಾಗಿದೆ, ಅದನ್ನು ಯಾರೂ ಪ್ರಶ್ನಿಸಿಲ್ಲ ಎಂಬುದು ಅವರ ವಾದದ ತಿರುಳು. ಅಸ್ಪೃಶ್ಯನ ಸರದಿ ಬಂದಾಗ ಮಾತ್ರ ಎಲ್ಲರಿಗೂ ಶುದ್ಧ ಆಧ್ಯಾತ್ಮ ಬೇಕಾಗುತ್ತದೆ!

ಯಾಕೆ ಹೀಗೆ? ಇದರ ಬೇರು ಆಳದಲ್ಲಿದೆ. 1936ರಲ್ಲಿ ಗಾಂಧೀಜಿ ಜಾನ್ ಮಾಟ್ ಎಂಬ ಕ್ರೈಸ್ತ ಮುಖಂಡರೊಡನೆ ಮಾತಾಡುವಾಗ, ಧರ್ಮಗಳ ಹೆಚ್ಚು-ಕಡಿಮೆ ತೂಗಿ ನೋಡುವ ಶಕ್ತಿ ಈ ಜನರಿಗೆ ಎಲ್ಲಿದೆ, ಹಸುವಿಗೆ ಹೋಗಿ ಸುವಾರ್ತೆ ಹೇಳುತ್ತೀರಾ ಎಂಬ ಅರ್ಥದಲ್ಲಿ ಕೇಳಿದರು. ಮಹಾತ್ಮರ ಬಾಯಿಂದಲೇ ಈ ಮಾತು ಬಂತು. ಎಂಬತ್ತಾರು ವರ್ಷದ ನಂತರ, 2022ರಲ್ಲಿ, ಕರ್ನಾಟಕ ಸರಕಾರ ತಂದ ಮತಾಂತರ ತಡೆ ಕಾಯ್ದೆಯಲ್ಲಿ ಅದೇ ಭಾವನೆ ಕಾನೂನಿನ ಭಾಷೆಯಾಯಿತು. ಯಾರನ್ನು ಅಕ್ರಮವಾಗಿ ಮತಾಂತರ ಮಾಡಿದರೆ ಹೆಚ್ಚು ಶಿಕ್ಷೆ? ಅಪ್ರಾಪ್ತ ಮಕ್ಕಳು, ಬುದ್ಧಿ ಸ್ಥಿಮಿತ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು. ನಾಲ್ಕೂ ಒಂದೇ ಸಾಲಿನಲ್ಲಿ! ಕಾಣಿಕೆ, ನೌಕರಿ, ಧಾರ್ಮಿಕ ಸಂಸ್ಥೆಯ ಸಾಲಿಯಲ್ಲಿ ಪುಕ್ಕಟೆ ಶಿಕ್ಷಣ ಎಲ್ಲವೂ ಆಮಿಷದ ಪಟ್ಟಿಗೆ ಸೇರಿದವು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. 2023ರ ಜೂನಿನಲ್ಲಿ ಮುಂದಿನ ಸರಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ತಗೊಂಡಿತು. ಆದರೆ ಕಾಯ್ದೆಯ ಹಿಂದಿನ ಮನಸ್ಸನ್ನು ಸಂಪುಟದ ತೀರ್ಮಾನ ರದ್ದು ಮಾಡಲಾರದು.

ಗೆಳೆಯರೇ, ಕಣದ ಮೂಲೆಯಲ್ಲಿ ಎರಡು ಮೊರ ಕಾಳು ಹಾಕಿ ಮೂರು ತಲೆಮಾರು ಚಾಕರಿ ಮಾಡಿಸಿಕೊಂಡದ್ದು ಆಮಿಷ ಅಲ್ಲ, ಪದ್ಧತಿ! ಚುನಾವಣೆಯ ಹಿಂದಿನ ರಾತ್ರಿ ಕೇರಿಗೆ ಬರುವ ನೋಟು ಆಮಿಷ ಅಲ್ಲ, ರಾಜಕಾರಣ! ಕೂಲಿಯವನು ಕೂಲಿಯವನ ಮನೆಗೆ ಅರ್ಧ ಚೀಲ ಜೋಳ ಹೊತ್ತುಕೊಂಡು ಹೋದರೆ ಮಾತ್ರ ಆಮಿಷ. ಈ ನ್ಯಾಯದ ತಕ್ಕಡಿ ಯಾರ ಮನೆಯದು?

5

ಹಾಗಾದರೆ ಸಹಾಯ ಯಾವುದು, ಗಾಳ ಯಾವುದು ಎಂದು ತಿಳಿಯುವುದು ಹೇಗೆ? ಯೇಸುವಿನ ಹೆಸರು ಹೇಳುವವರನ್ನು ಯೇಸುವಿನ ಕಥೆಯಿಂದಲೇ ಅಳೆಯೋಣ. ಅವರ ಸತ್ಯವೇದದಲ್ಲಿಯೇ ಮೂರು ಅಳತೆಗಳಿವೆ.

ಮೊದಲನೆಯದು. ಹತ್ತು ಜನ ಕುಷ್ಠರೋಗಿಗಳನ್ನು ಯೇಸು ಗುಣಪಡಿಸಿದ. ತಿರುಗಿ ಬಂದು ಉಪಕಾರ ನೆನೆದವನು ಒಬ್ಬನೇ, ಅವನೂ ಯೆಹೂದ್ಯರು ಕೀಳೆಂದು ದೂರ ಇಟ್ಟ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದು ನಿಜ. ಆದರೆ ಅವರ ಕುಷ್ಠ ಅವರಿಗೆ ವಾಪಸು ಬರಲಿಲ್ಲ. ಕೊಟ್ಟದ್ದನ್ನು ಕಸಿಯಲಿಲ್ಲ. ಇದು ಅಳತೆ: ನಿಮ್ಮ ಜೋಳ ಉಂಡು ನಿಮ್ಮ ಪ್ರಾರ್ಥನೆಗೆ ಬಾರದವನ ಮನೆಗೆ ಎರಡನೇ ಸಲವೂ ಜೋಳ ಹೋಗತೈತೇನು? ಹೋದರೆ ಸಹಾಯ. ಹೋಗದಿದ್ದರೆ ಅದು ಗಾಳ, ಮೇಲೆ ಶಿಲುಬೆ ಕಟ್ಟಿದ್ದರೂ ಗಾಳವೇ.

ಎರಡನೆಯದು. ಕಡೆಯ ತೀರ್ಪಿನ ಕಥೆಯಲ್ಲಿ ರಾಜ ಕೇಳುವ ಪ್ರಶ್ನೆಗಳು: ಹಸಿದಾಗ ಉಣ್ಣಲು ಕೊಟ್ಟೆಯಾ, ಬಾಯಾರಿದಾಗ ನೀರು ಕೊಟ್ಟೆಯಾ, ಜಡ್ಡಾದಾಗ, ಸೆರೆಯಲ್ಲಿದ್ದಾಗ ನೋಡಲು ಬಂದೆಯಾ. ಯಾವ ಸಭೆಯವನು, ಯಾವಾಗ ದೀಕ್ಷಾಸ್ನಾನ ಎಂದು ಅಲ್ಲಿ ಕೇಳುವುದಿಲ್ಲ. ಸಭೆಯ ಚೀಲ ಸಭೆಯವರಿಗೆ ಮಾತ್ರ ಬಿಚ್ಚಿದರೆ ಅದು ಇನ್ನೊಂದು ಜಾತಿಯ ಪಂಕ್ತಿ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. ಅಲ್ಲಿಂದ ಹೊರಟ ದಾಸೋಹವೂ ಈ ಅಳತೆಗೆ ಹೊರತಲ್ಲ. ಕೊಡುವವನು ದಾಸನಾಗಬೇಕಿತ್ತು. ಕೊಡುವವನೇ ಒಡೆಯನಾಗಿ ಕೂತಲ್ಲಿ ದಾಸೋಹದ ಹೆಸರು ಮಾತ್ರ ಉಳಿಯುತ್ತದೆ.

ಮೂರನೆಯದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಯೇಸು ಹೋದ ಮೇಲೆ ಯೆರೂಸಲೇಮಿನ ಮೊದಲ ಸಭೆಯಲ್ಲಿ ಎಲ್ಲರೂ ಇದ್ದದ್ದನ್ನು ಒಂದೆಡೆ ಹಾಕಿ ಹಂಚಿಕೊಂಡು ಉಣ್ಣುತ್ತಿದ್ದರಂತೆ. ಅಲ್ಲಿ ಎದ್ದ ಒಂದು ದೊಡ್ಡ ಗುಣುಗುಣು ಯಾವುದರ ಬಗ್ಗೆ ಗೊತ್ತೇ? ರೇಶನ್ ಬಗ್ಗೆ! ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಮುಟ್ಟುತ್ತಿಲ್ಲ ಎಂದು ತಕರಾರು ಬಂತು. ಮುಖಂಡರು ತಕರಾರು ಮಾಡಿದವರನ್ನು ಹೊರಗೆ ಹಾಕಲಿಲ್ಲ. ನಂಬಿಕೆ ಸಾಲದು ಎಂದು ಬೈಯಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚುವ ಕೆಲಸ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ಯಾರ ತಾಟಿಗೆ ಅನ್ನ ಬೀಳುತ್ತಿರಲಿಲ್ಲವೋ ಅವರ ಕೈಗೇ ಸೌಟು ಹೋಯಿತು.

ಸೌಟು ಯಾರ ಕೈಯಾಗ ಐತಿ ಎಂಬುದೇ ಕಡೆಯ ಪ್ರಶ್ನೆ. ಅನ್ನ ಎಲ್ಲಿಂದ ಬಂತು ಎಂಬುದು ಆಮೇಲಿನ ಮಾತು. ಸಭೆಗೂ ಸರಕಾರಕ್ಕೂ ಮಠಕ್ಕೂ ಸಂಘಟನೆಗೂ ಈ ಪ್ರಶ್ನೆ ಒಂದೇ.

6

ಬಡವರ ಸಭೆಗಳಲ್ಲಿ ಸೌಟು ಕೈ ಬದಲಿಸಿದ ಉದಾಹರಣೆಗಳು ಇಲ್ಲದಿಲ್ಲ. ಸಿ.ಎಸ್.ಐ. ಸಭೆಗಳಲ್ಲಿ ಸುಗ್ಗಿಯ ಹಬ್ಬ ಮಾಡುತ್ತಾರೆ. ಹೊಲ ಇದ್ದವರು ಜೋಳ ತರುತ್ತಾರೆ, ಇಲ್ಲದವರು ಒಂದು ಕುಂಬಳಕಾಯಿ, ಒಂದು ಕೋಳಿ, ನಾಕು ತತ್ತಿ ತರುತ್ತಾರೆ. ಎಲ್ಲ ಲಿಲಾವು ಆಗಿ ದುಡ್ಡು ಸಭೆಗೆ ಸೇರುತ್ತದೆ. ದೂರದ ಮಿಜೋರಾಮಿನಲ್ಲಿ ಹೆಂಗಸರು ಅಡಿಗೆಗೆ ಇಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕುವ ಪದ್ಧತಿ ನೂರು ವರ್ಷದಿಂದ ಇದೆ. ಆ ಹಿಡಿ ಅಕ್ಕಿಯಿಂದಲೇ ಅಲ್ಲಿನ ಸಭೆಗಳು ತಮ್ಮ ಕಾಲ ಮೇಲೆ ನಿಂತವು. ಹಿಡಿ ಅಕ್ಕಿ ಹಾಕುವಾಕಿ ಭಿಕ್ಷುಕಿ ಅಲ್ಲ. ನಾಳೆ ತನ್ನ ಒಲೆ ಆರಿದರೆ ಆ ಗಡಿಗೆಯನ್ನು ಹಕ್ಕಿನಿಂದ ಕೇಳಬಲ್ಲಳು. ನಮ್ಮ ಕೇರಿಗಳಲ್ಲಿ ಮುಯ್ಯಾಳು, ಕೈಗಡ ಎಂಬ ಮಾತುಗಳು ಇರುವುದೂ ಇದಕ್ಕೇ. ಇವತ್ತು ನನ್ನ ಹೊಲಕ್ಕ ನೀ ಬಾ, ನಾಳೆ ನಿನ್ನ ಹೊಲಕ್ಕ ನಾ ಬರ್ತೀನಿ. ಇದರಲ್ಲಿ ದಾನಿ ಇಲ್ಲ, ದೀನ ಇಲ್ಲ.

ಆದರೆ ಗೆಳೆಯರೇ, ಮುಷ್ಟಿ ಕಾಳಿಗೂ ಒಂದು ಮಿತಿ ಇದೆ. ಕೇರಿ ಕೇರಿಗೆ ಎಷ್ಟು ದಿನ ಅನ್ನ ಹಾಕೀತು? ಬರ ಬಂದ ವರ್ಷಗಳಲ್ಲಿ ತಿಕೋಟಾ ಭಾಗದ ದ್ರಾಕ್ಷಿ ಬಳ್ಳಿ ಉಳಿಸಲು ಟ್ಯಾಂಕರುಗಳಲ್ಲಿ ನೀರು ಓಡಿತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ನೆಲಕ್ಕೆ ಹತ್ತಿತು. 2018ರಲ್ಲಿ ತಿಕೋಟಾ, ಬಬಲೇಶ್ವರ ಎರಡೂ ತಾಲೂಕುಗಳಾದವು. ನೀರು ಬಂತು, ಕಚೇರಿ ಬಂತು. ಆದರೆ ಹೊಲ ಇಲ್ಲದವನ ಪಾಲಿಗೆ ಕಾಲುವೆ ಎಂದರೆ ಇನ್ನೊಬ್ಬರ ತೋಟದ ಹೆಚ್ಚಿನ ಕೂಲಿ, ಅಷ್ಟೇ. ಪ್ರಾರ್ಥನೆಯ ಗುಂಪು ಜಡ್ಡಿನವನನ್ನು ದವಾಖಾನಿಗೆ ಒಯ್ಯಬಹುದು. ಅವನ ಕೂಲಿ ಯಾಕೆ ಸಾಲದು, ಅವನಿಗೆ ಭೂಮಿ ಯಾಕೆ ಇಲ್ಲ ಎಂದು ತಹಶೀಲ್ದಾರರ ಕಚೇರಿಯ ಮುಂದೆ ಕೇಳದಿದ್ದರೆ ಮುಂದಿನ ವರ್ಷ ಮತ್ತೆ ಅದೇ ಚೀಲ, ಅದೇ ಮನೆ. ಪ್ರಾರ್ಥನೆ ಮಾಡಬೇಡಿರಿ ಎಂದು ನಾನು ಹೇಳುವುದಿಲ್ಲ. ಎದ್ದಮೇಲೆ ಮೊಣಕಾಲ ಧೂಳು ಜಾಡಿಸಿಕೊಂಡು ನಮ್ಮ ಜತೆ ಮೋರ್ಚಾಕ್ಕೂ ಬರ್ರಿ ಎಂದು ಹೇಳುತ್ತೇನೆ.

ನಮ್ಮವರಿಗೂ ಒಂದು ಮಾತು. ಸಾಲಿ ಮಾಸ್ತರೇ, ಹಾಸ್ಟೆಲಿನ ತಮ್ಮಗಳೇ, ತಂಗಿಗಳೇ, ನಾವು ಭಾಷಣಕ್ಕೆ ಕೇರಿಗೆ ಹೋಗಿದ್ದೇವೆ. ಜಡ್ಡಿನವನ ಹಾಸಿಗೆಯ ಹತ್ತಿರ ರಾತ್ರಿ ಎಷ್ಟು ಸಲ ಕೂತಿದ್ದೇವೆ? ಹಸಿದ ಹೆಣ್ಣುಮಗಳು ಯಾವ ದೇವರ ಹತ್ತಿರ ಹೋದಳು ಎಂದು ವಿಚಾರಣೆ ಮಾಡುವ ಅಧಿಕಾರ ಒಲೆ ಆರಿದ ರಾತ್ರಿ ಬಾಗಿಲು ತಟ್ಟದವರಿಗೆ ಇಲ್ಲ. ಊರಿಗೂ ಇಲ್ಲ, ಸರಕಾರಕ್ಕೂ ಇಲ್ಲ, ನಮಗೂ ಇಲ್ಲ. ಆಕೆಯ ನಂಬಿಕೆ ಆಕೆಯದು. ಆಕೆಯ ಜೋಳ ಮಾತ್ರ ನಮ್ಮೆಲ್ಲರ ಜವಾಬ್ದಾರಿ. ಆ ಜೋಳ ಯಾರ ಕರುಣೆಯೂ ಆಗದೆ ಆಕೆಯ ಹಕ್ಕಾಗಿ ಬರುವ ದಿನ, ಆಕೆ ಯೇಸುವಿನ ಹತ್ತಿರವೇ ಉಳಿಯಲಿ, ಬುದ್ಧನ ಹತ್ತಿರ ಹೋಗಲಿ, ಯಾವ ದೇವರೂ ಬ್ಯಾಡ ಅನ್ನಲಿ. ಆ ದಿನ ತರುವ ಕೆಲಸದಲ್ಲಿ ಪ್ರಾರ್ಥನೆಯವರಿಗೂ ನಮಗೂ ಜಗಳ ಇರಬೇಕಾಗಿಲ್ಲ.